ಉಪ್ಪು ಕಟ್ಟಿದ ಅರಮನೆ

ಹಿಮನದಿಯ ಬಾಯಲ್ಲಿ ಹುಟ್ಟಿದ ರೋನ್ ನದಿ ಆಲ್ಪ್ಸ್‌ನ ಎರಡು ಎತ್ತರದ ಸಾಲುಗಳ ನಡುವೆ ಪಶ್ಚಿಮಕ್ಕೆ ಹರಿಯುತ್ತದೆ. ದಕ್ಷಿಣದ ಕಮರಿಗಳಿಂದ ಇಳಿದುಬರುವ ಸಾಲ್ಟಿನಾ ಹೊಳೆ ಅದನ್ನು ಸೇರುವಲ್ಲಿ ಬ್ರಿಗ್ ಪಟ್ಟಣವಿದೆ. ಇಂದಿನ ಸ್ವಿಟ್ಜರ್ಲೆಂಡಿನ ವಾಲಿಸ್ ಪ್ರಾಂತಕ್ಕೆ ಸೇರಿದ ಈ ಊರಿಗೆ ಯಾವ ದಿಕ್ಕಿನಿಂದ ಬಂದರೂ ಮೊದಲು ಕಣ್ಣಿಗೆ ಬೀಳುವುದು ಮೂರು ಚೌಕ ಗೋಪುರಗಳು. ಅವುಗಳ ನೆತ್ತಿಯ ಮೇಲೆ ಈರುಳ್ಳಿಯಂತೆ ಉಬ್ಬಿ ತುದಿಯಲ್ಲಿ ಚೂಪಾಗುವ, ಬಿಸಿಲಿಗೆ ಥಳಥಳಿಸುವ ಗುಮ್ಮಟಗಳಿವೆ. ಅವು ಯಾವ ರಾಜನವೂ ಅಲ್ಲ, ಯಾವ ಬಿಷಪ್ಪನವೂ ಅಲ್ಲ. 1651ರಿಂದ 1671ರವರೆಗೆ ಇಪ್ಪತ್ತು ವರ್ಷ ಕಲ್ಲಿನ ಮೇಲೆ ಕಲ್ಲಿಟ್ಟು ಅವುಗಳನ್ನು ಎಬ್ಬಿಸಿದವನು ಒಬ್ಬ ವ್ಯಾಪಾರಿ. ಅವನ ಹೆಸರು ಕಾಸ್ಪರ್ ಸ್ಟೋಕಾಲ್ಪರ್. ಅವನ ಕಾಲಕ್ಕೆ ಸ್ವಿಸ್ ನೆಲದಲ್ಲಿ ಒಬ್ಬನೇ ಮನುಷ್ಯನ ಸ್ವಂತದ್ದಾಗಿದ್ದ ಕಟ್ಟಡಗಳಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ ಎನ್ನುತ್ತಾರೆ.

ಈ ಮನೆಯನ್ನು ಅರಿಯಲು ಮೊದಲು ಅದರ ಬೆನ್ನಿಗಿರುವ ಘಟ್ಟವನ್ನು ಅರಿಯಬೇಕು. ಬ್ರಿಗ್‌ನಿಂದ ದಕ್ಷಿಣಕ್ಕೆ ಹತ್ತಿದರೆ ಸಿಂಪ್ಲಾನ್ ಘಟ್ಟ. ಅದರ ನೆತ್ತಿ ಸಮುದ್ರಮಟ್ಟದಿಂದ ಸುಮಾರು 2,005 ಮೀಟರ್ ಎತ್ತರ. ಅಲ್ಲಿಂದ ಆಚೆ ದಾರಿ ಸಿಂಪ್ಲಾನ್ ಹಳ್ಳಿಯನ್ನು ದಾಟಿ, ಎರಡೂ ಕಡೆ ಬಂಡೆ ಗೋಡೆಯಂತೆ ನಿಂತ ಗೊಂಡೋ ಕಮರಿಯಲ್ಲಿ ನುಸುಳಿ, ಇಟಲಿಯ ಡೊಮೊಡೊಸ್ಸೊಲಾ ಪಟ್ಟಣಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಮಿಲಾನ್, ಜಿನೋವಾ, ಮೆಡಿಟರೇನಿಯನ್ ಕಡಲು. ಇತ್ತ ಬ್ರಿಗ್‌ನಿಂದ ರೋನ್ ಕಣಿವೆಯನ್ನೇ ಹಿಡಿದು ಹೋದರೆ ಜಿನೀವಾ ಸರೋವರ, ಲಿಯಾನ್, ಫ್ರಾನ್ಸಿನ ಬಯಲು. ದಕ್ಷಿಣದ ರೇಷ್ಮೆಗೂ ಉತ್ತರದ ಉಣ್ಣೆಗೂ ಇದು ಅಡ್ಡದಾರಿ, ಹತ್ತಿರದ ದಾರಿ. ಆದರೆ ಬಂಡಿ ಹೋಗುವಷ್ಟು ಅಗಲವಿರಲಿಲ್ಲ. ಸರಕೆಲ್ಲ ಹೇಸರಗತ್ತೆಗಳ ಬೆನ್ನ ಮೇಲೆ, ಎರಡೂ ಪಕ್ಕಕ್ಕೆ ತೂಗಿ ಕಟ್ಟಿದ ಹೇರುಗಳಲ್ಲಿ ಹೋಗಬೇಕಿತ್ತು. ಹಿಮ ಬಿದ್ದಾಗ ಮುಂದೆ ಜನ ಇಳಿದು ದಾರಿ ತುಳಿದು ಗಟ್ಟಿಮಾಡಬೇಕು. ಹಿಮ ಜಾರಿ ಬಂದರೆ ಪ್ರಾಣಿಯೂ ಇಲ್ಲ, ಆಳೂ ಇಲ್ಲ.

ಸ್ಟೋಕಾಲ್ಪರ್ ಮನೆತನ ತಲೆತಲಾಂತರದಿಂದ ಈ ದಾರಿಯನ್ನೇ ನೆಚ್ಚಿ ಬದುಕಿದ್ದು. 1533ರಷ್ಟು ಹಿಂದೆಯೇ ಬ್ರಿಗ್‌ನಲ್ಲಿ ಅವರದೊಂದು ಗಟ್ಟಿಮುಟ್ಟಾದ ಕಲ್ಲುಮನೆ ಇತ್ತು. ಆ ಮನೆತನದಲ್ಲಿ ಕಾಸ್ಪರ್ ಹುಟ್ಟಿದ್ದು 1609ರಲ್ಲಿ. ಜೆಸ್ಯೂಟ್ ಪಾದ್ರಿಗಳ ಕೈಯಲ್ಲಿ ಓದಿ, ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯವನ್ನೂ ಕಂಡು, ಊರಿಗೆ ಮರಳಿದಾಗ ಅವನಿಗೆ ಇಪ್ಪತ್ತರ ಆಸುಪಾಸು. ಅಷ್ಟರಲ್ಲಿ ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತ್ತು. 1618ರಿಂದ 1648ರವರೆಗೆ ನಡೆದ ಆ ಮಹಾಯುದ್ಧದಲ್ಲಿ ಪೂರ್ವ ಆಲ್ಪ್ಸ್‌ನ ಗ್ರೌಬುಂಡೆನ್ ಘಟ್ಟಗಳಿಗಾಗಿ ಸ್ಪೇನ್, ಫ್ರಾನ್ಸ್, ಆಸ್ಟ್ರಿಯಾ ಮೂವರೂ ಹೊಡೆದಾಡಿದರು. ಅತ್ತ ದಾರಿಗಳು ಸೇನೆಯ ಕಾಲ್ತುಳಿತಕ್ಕೆ ಸಿಕ್ಕಿ ಮುಚ್ಚಿಹೋದವು. ವ್ಯಾಪಾರಿಗಳು ಸುರಕ್ಷಿತವಾದ ಬೇರೆ ದಾರಿ ಹುಡುಕಿದರು. ಯಾರ ಪಕ್ಷವನ್ನೂ ಹಿಡಿಯದ ವಾಲಿಸ್‌ನ ಸಿಂಪ್ಲಾನ್ ಆಗ ಅವರ ಕಣ್ಣಿಗೆ ಬಿತ್ತು. ಎಲ್ಲೋ ನಡೆದ ಯುದ್ಧ ಈ ಪುಟ್ಟ ಕಣಿವೆಗೆ ಭಾಗ್ಯದ ಬಾಗಿಲು ತೆರೆದದ್ದು ಹೀಗೆ.

1634ರ ಮಾರ್ಚ್ ತಿಂಗಳಲ್ಲಿ ಸವಾಯ್ ಮನೆತನದ ಸೊಸೆ, ಕರಿನ್ಯಾನೋದ ರಾಜಕುಮಾರಿ ಮರಿ ದ ಬೂರ್ಬೋನ್ ತನ್ನ ಪರಿವಾರದೊಡನೆ ಇಟಲಿಯ ಕಡೆಗೆ ಹೊರಟಳು. ಮಾರ್ಚ್ ಎಂದರೆ ಘಟ್ಟದ ಮೇಲೆ ಇನ್ನೂ ತುಂಬು ಹಿಮ. ರಾಜಕುಮಾರಿಯನ್ನೂ ಅವಳ ಹಿಂದಿದ್ದ ಜನ, ಕುದುರೆ, ಪೆಟ್ಟಿಗೆಗಳನ್ನೂ ಸುರಕ್ಷಿತವಾಗಿ ಆಚೆ ದಡ ಮುಟ್ಟಿಸಿದವನು ಇಪ್ಪತ್ತನಾಲ್ಕರ ಕಾಸ್ಪರ್. ಈ ಒಂದು ಕೆಲಸ ಅವನ ಹೆಸರನ್ನು ಅರಮನೆಗಳ ಒಳಕ್ಕೆ ಮುಟ್ಟಿಸಿತು. ಚಳಿಗಾಲದಲ್ಲಿ ಸಿಂಪ್ಲಾನ್ ದಾಟಿಸಬಲ್ಲ ಒಬ್ಬನಿದ್ದಾನೆ ಎಂಬ ಮಾತು ಮಿಲಾನ್‌ನಲ್ಲೂ ಹಬ್ಬಿತು, ಲಿಯಾನ್‌ನಲ್ಲೂ ಹಬ್ಬಿತು. ಮುಂದೆ ಅವನನ್ನು ಸಿಂಪ್ಲಾನ್‌ನ ದೊರೆ ಎಂದು ಕರೆಯುವ ರೂಢಿಯೇ ಬಂತು.

ಅವನು ಕೈ ಹಾಕದ ವ್ಯವಹಾರವಿಲ್ಲ. ಸರಕು ಸಾಗಣೆ, ಸುಂಕದ ಗುತ್ತಿಗೆ, ಲೇವಾದೇವಿ. ಗಾಂಟರ್ ಕಣಿವೆಯ ಕಬ್ಬಿಣ, ಗೊಂಡೋದ ಚಿನ್ನ, ಲ್ಯೋಟ್ಶೆನ್ ಕಣಿವೆಯ ಸೀಸ, ಹೀಗೆ ಗಣಿಗಳು. ಲಾರ್ಚ್ ಮರದ ರಾಳ, ತಿನ್ನುವ ಬಸವನಹುಳುಗಳಂಥ ಸರಕಿಗೂ ಏಕಸ್ವಾಮ್ಯ. ಇದರ ಮೇಲೆ ಬಾಡಿಗೆ ಸೈನಿಕರ ದಂಡು. ಬಡ ಬೆಟ್ಟದ ಮನೆಗಳ ಗಂಡುಮಕ್ಕಳನ್ನು ಕೂಡಿಸಿ ಪರದೇಶದ ದೊರೆಗಳಿಗೆ ಪಡೆಯಾಗಿ ಕೊಡುವುದು ಆ ಕಾಲದ ಸ್ವಿಸ್ ಕಣಿವೆಗಳ ದೊಡ್ಡ ಆದಾಯ. ಕಾಸ್ಪರ್ ಒಂದೆಡೆ ಫ್ರಾನ್ಸಿಗೂ ಇನ್ನೊಂದೆಡೆ ಸ್ಪೇನಿಗೂ ನಂಬಿಕಸ್ಥನಾಗಿ ಉಳಿದ. ಪರಸ್ಪರ ಕತ್ತಿ ಮಸೆಯುತ್ತಿದ್ದ ಎರಡು ಸಿಂಹಾಸನಗಳ ನಡುವೆ ಹೀಗೆ ದಶಕಗಳ ಕಾಲ ನಡೆದದ್ದನ್ನು ಅವನ ಬುದ್ಧಿಯ ಹಿರಿಮೆ ಎಂದೇ ನಾನು ಎಣಿಸುತ್ತೇನೆ. ಆ ಪಡೆಗಳಲ್ಲಿ ಹೋಗಿ ಹಿಂದಿರುಗದ ಹುಡುಗರ ಲೆಕ್ಕವನ್ನು ಮಾತ್ರ ಆ ಹಿರಿಮೆಯ ಪಕ್ಕದಲ್ಲಿಟ್ಟೇ ನೋಡಬೇಕು.

ಆದರೆ ಇವೆಲ್ಲಕ್ಕೂ ಮಿಗಿಲಾದದ್ದು ಉಪ್ಪು. ವಾಲಿಸ್‌ನ ಜನ ದನ, ಹಾಲು, ಗಿಣ್ಣು, ಒಣಮಾಂಸಗಳ ಮೇಲೆ ಬದುಕಿದವರು. ದನಕ್ಕೆ ನೆಕ್ಕಲು ಉಪ್ಪು ಬೇಕು, ಗಿಣ್ಣು ಕೆಡದಿರಲು ಉಪ್ಪು ಬೇಕು, ಚಳಿಗಾಲಕ್ಕೆ ಮಾಂಸ ಕೂಡಿಡಲು ಉಪ್ಪು ಬೇಕು. ಆ ಕಣಿವೆಯಲ್ಲಿಯೋ ಉಪ್ಪಿನ ಒಂದು ಹರಳೂ ಹುಟ್ಟುತ್ತಿರಲಿಲ್ಲ. ಹತ್ತಿರದ ಬೆಕ್ಸ್‌ನಲ್ಲಿ ಉಪ್ಪುನೀರಿನ ಬುಗ್ಗೆಗಳಿದ್ದರೂ ಆ ನೆಲ ಬರ್ನ್ ರಾಜ್ಯದ ಕೈಯಲ್ಲಿತ್ತು. ಹಾಗಾಗಿ ಮೆಡಿಟರೇನಿಯನ್ ಕಡಲಿನ ಉಪ್ಪೂ ಫ್ರಾನ್ಸಿನ ಕಡೆಯ ಉಪ್ಪೂ ನೂರಾರು ಮೈಲಿ ದಾಟಿ ಬರಬೇಕಿತ್ತು. 1640ರ ದಶಕದ ಕೊನೆಗೆ ಇಡೀ ವಾಲಿಸ್‌ಗೆ ಉಪ್ಪು ತರಿಸಿ ಮಾರುವ ಏಕಸ್ವಾಮ್ಯ ಕಾಸ್ಪರ್‌ನ ಪಾಲಾಯಿತು. ಅಂದಿನಿಂದ ಆ ಕಣಿವೆಯ ಪ್ರತಿಯೊಂದು ಅಡುಗೆಮನೆ, ಪ್ರತಿಯೊಂದು ಕೊಟ್ಟಿಗೆ ಅವನಿಗೆ ಕಪ್ಪ ಕೊಟ್ಟಂತೆಯೇ. ಪಶ್ಚಿಮದಿಂದ ಬರುವ ಉಪ್ಪಿಗೆ ಸುಲಭದ ಜಲದಾರಿ ಬೇಕೆಂದು 1651ರಿಂದ 1659ರ ನಡುವೆ ರೋನ್ ಕಣಿವೆಯ ಕೆಳಭಾಗದಲ್ಲಿ, ಜಿನೀವಾ ಸರೋವರದಿಂದ ಮೇಲಕ್ಕೆ ಒಂದು ಕಾಲುವೆಯನ್ನೇ ತೋಡಿಸಿದ. ಸರೋವರದಲ್ಲಿ ಬಂದ ದೋಣಿಗಳು ಅದರಲ್ಲಿ ಸರಕು ಹೊತ್ತು ಕಣಿವೆಯೊಳಕ್ಕೆ ಸಾಗುತ್ತಿದ್ದವು. ಸ್ಟೋಕಾಲ್ಪರ್ ಕಾಲುವೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಹರಿಯುತ್ತಿದೆ. ಜೌಗುನೆಲದ ನೀರನ್ನು ಸರೋವರಕ್ಕೆ ಬಸಿದು ಸಾಗಿಸುವುದು ಈಗಿನ ಅದರ ಕೆಲಸ.

ಕಾಲುವೆ ಆರಂಭವಾದ ವರ್ಷವೇ ಅರಮನೆಗೂ ತಳಪಾಯ ಬಿತ್ತು. ಅದು ಕಾಕತಾಳೀಯವಾಗಿ ನನಗೆ ಕಾಣುವುದಿಲ್ಲ. ಇವೆರಡೂ ಒಂದೇ ದುಡಿಮೆಯ ಎರಡು ಕೊನೆಗಳು.

ಅರಮನೆ ಎಂದೊಡನೆ ಕನ್ನಡಿ ಮಹಲು, ಚಿತ್ರದ ಛಾವಣಿ, ನರ್ತನಶಾಲೆ ಇವು ನಮ್ಮ ಮನಸ್ಸಿಗೆ ಬರುತ್ತವೆ. ಬ್ರಿಗ್‌ನ ಈ ಮನೆ ಹಾಗಲ್ಲ. ಮುಖ್ಯ ಕಟ್ಟಡ ಹತ್ತಿರದಿಂದ ನೋಡಿದರೆ ಒಂದು ಬೃಹತ್ ಕಲ್ಲಿನ ದಿಮ್ಮಿ. ನೇರ ಗೋಡೆಗಳು, ಸಾಲಿಟ್ಟ ಕಿಟಕಿಗಳು, ಮಹಡಿಯ ಮೇಲೆ ಮಹಡಿ. ಮೈಮೇಲೆ ಅಲಂಕಾರ ತೀರ ಕಡಿಮೆ. ಅದರ ಬಲವೆಲ್ಲ ನೆಲದಡಿಯಲ್ಲಿದೆ. ಒಂದರ ಕೆಳಗೊಂದರಂತೆ ಇಳಿಯುವ ಕಮಾನು ಛಾವಣಿಯ ನೆಲಮಾಳಿಗೆಗಳು ಸರಕು ದಾಸ್ತಾನಿಗೆಂದೇ ಕಟ್ಟಿದವು. ಉಪ್ಪಿಗೆ ತೇವ ತಾಗಬಾರದು, ದ್ರಾಕ್ಷಾರಸಕ್ಕೆ ಶಾಖ ತಾಗಬಾರದು, ರೇಷ್ಮೆಯ ಗಂಟಿಗೆ ಇಲಿ ತಾಗಬಾರದು. ದಪ್ಪ ಗೋಡೆಗಳ ನಡುವಿನ ಆ ತಂಪು ಕೋಣೆಗಳಲ್ಲಿ ಕಡಲಿನಿಂದ ಬಂದದ್ದೂ ಗಣಿಯಿಂದ ಬಂದದ್ದೂ ಒಟ್ಟಿಗೆ ಕೂತಿರುತ್ತಿದ್ದವು. ಮೇಲಿನ ಮಹಡಿಗಳಲ್ಲಿ ಗಣ್ಯರನ್ನು ಬರಮಾಡಿಕೊಳ್ಳುವ ಸಭಾಂಗಣ, ಕಚೇರಿ, ಕಡತದ ಕೋಣೆಗಳು. ದೊಡ್ಡಸ್ತಿಕೆಯನ್ನು ಹೊತ್ತು ನಿಂತದ್ದು ಉಗ್ರಾಣ. ಈ ಮನೆಯ ಬಗ್ಗೆ ಬರೆಯುವವರು ಗೋಪುರಗಳನ್ನು ಮೆಚ್ಚಿ ಮುಂದೆ ಹೋಗಿಬಿಡುತ್ತಾರೆ. ಅದರ ನಿಜವಾದ ಮರ್ಯಾದೆ ಇರುವುದು ಈ ಕೆಳಗಿನ ಕೋಣೆಗಳಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಖ್ಯ ಕಟ್ಟಡಕ್ಕೆ ಅಂಟಿಕೊಂಡೇ ಅಂಗಳವಿದೆ. ಕಲ್ಲು ಹಾಸಿದ, ಆಕಾಶಕ್ಕೆ ತೆರೆದ ದೊಡ್ಡ ಚೌಕ. ನಮ್ಮ ತೊಟ್ಟಿಮನೆಯ ನಡುವೆ ನಿಂತು ತಲೆಯೆತ್ತಿದಾಗ ಸುತ್ತಲ ಮೊಗಸಾಲೆ ಮೈಯನ್ನು ಬಳಸಿಕೊಳ್ಳುತ್ತದಲ್ಲ, ಇಲ್ಲೂ ಹಾಗೆಯೇ. ಅಳತೆ ಮಾತ್ರ ಹತ್ತಾರು ಪಟ್ಟು. ಸುತ್ತ ಕಂಬಗಳ ಮೇಲೆ ಕಮಾನು, ಕಮಾನಿನ ಮೇಲೆ ಮತ್ತೆ ಕಂಬಸಾಲು. ಕೆಲವು ಕಡೆ ಎರಡು ಅಂತಸ್ತು, ಕೆಲವು ಕಡೆ ಮೂರು. ಕಂಬಗಳು ದುಂಡಗೆ, ನುಣ್ಣಗೆ. ಬುಡದಲ್ಲೂ ತಲೆಯಲ್ಲೂ ಸರಳವಾದ ಉಂಗುರದಂಥ ಪಟ್ಟಿ ಬಿಟ್ಟರೆ ಎಲೆಬಳ್ಳಿಯ ಕೆತ್ತನೆಯಿಲ್ಲ. ಇದು ಟಸ್ಕನಿಯ ರೀತಿಯ ಕಂಬ. ಈ ತೆರೆದ ಮೊಗಸಾಲೆಗಳ ಕಲ್ಪನೆ ಬಂದದ್ದು ಘಟ್ಟದ ಆಚೆಯಿಂದ, ಇಟಲಿಯ ಪಟ್ಟಣಗಳ ಶ್ರೀಮಂತ ಮನೆಗಳಿಂದ. ರೇಷ್ಮೆ ಬಂದ ದಾರಿಯಲ್ಲೇ ಅದೂ ಹೇಸರಗತ್ತೆಯ ಜೊತೆ ಹತ್ತಿ ಇಳಿದು ಬಂತು. ವರ್ಷದ ಅರ್ಧ ಹಿಮದಲ್ಲಿ ಕಳೆಯುವ ಊರಿನಲ್ಲಿ ಗಾಳಿಗೆ ತೆರೆದ ಮೊಗಸಾಲೆ ಯಾಕೆ ಎಂದು ಕೇಳಬಹುದು. ಕಮಾನಿನಡಿ ನೆರಳೂ ಮರೆಯೂ ಇದ್ದರೆ ಮಳೆಯಲ್ಲೂ ಹಿಮದಲ್ಲೂ ಹೇರು ಬಿಚ್ಚಬಹುದು, ತೂಗಬಹುದು, ಲೆಕ್ಕ ಬರೆಯಬಹುದು. ಸೊಬಗಿಗೆಂದು ತಂದದ್ದು ಕೆಲಸಕ್ಕೂ ಒದಗಿತು.

ಆ ಅಂಗಳದ ಒಂದು ಸಂಜೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಘಟ್ಟದಿಂದ ಇಳಿದ ಸಾಲು ಒಳಬರುತ್ತದೆ. ಪ್ರಾಣಿಗಳ ಮೈಯಿಂದ ಹಬೆಯೇಳುತ್ತಿದೆ. ಒಂದು ಪಕ್ಕದ ಹೇರನ್ನು ಮಾತ್ರ ಇಳಿಸಿದರೆ ಇನ್ನೊಂದರ ಭಾರಕ್ಕೆ ಜೀನು ತಿರುಗುತ್ತದೆ. ಆದ್ದರಿಂದ ಇಬ್ಬರು ಆಳುಗಳು ಎರಡೂ ಕಡೆ ನಿಂತು ಒಂದೇ ಉಸಿರಿಗೆ ಎತ್ತಿ ಇಳಿಸಬೇಕು. ಹಗ್ಗದ ಗಂಟು ಚಳಿಗೆ ಕಲ್ಲಾಗಿರುತ್ತದೆ, ಬೆರಳಿಗೆ ಬಗ್ಗುವುದಿಲ್ಲ. ತಕ್ಕಡಿಯ ಬಳಿ ಗುಮಾಸ್ತ ನಿಂತಿದ್ದಾನೆ. ಗಂಟಿನ ಮೇಲಿನ ವ್ಯಾಪಾರಿಯ ಗುರುತನ್ನು ನೋಡಿ, ತೂಕ ಕೂಗಿ, ಬರೆಸಿ, ನೆಲಮಾಳಿಗೆಯ ಬಾಗಿಲಿಗೆ ಕಳಿಸುತ್ತಾನೆ.

ಮೂರು ಗೋಪುರಗಳು ಈ ಅಂಗಳವನ್ನು ಕಾಯುತ್ತ ನಿಂತಿವೆ. ಅವುಗಳ ಹೆಸರು ಕಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್. ಬಾಲಯೇಸುವನ್ನು ಕಾಣಲು ನಕ್ಷತ್ರದ ಜಾಡು ಹಿಡಿದು ಪೂರ್ವದಿಂದ ಚಿನ್ನ, ಧೂಪ, ರಕ್ತಬೋಳಗಳನ್ನು ಹೊತ್ತು ಬಂದ ಮೂವರು ಜ್ಞಾನಿಗಳ ಹೆಸರುಗಳಿವು. ಕ್ರೈಸ್ತ ಸಂಪ್ರದಾಯದಲ್ಲಿ ಅವರು ದಾರಿಹೋಕರ ರಕ್ಷಕರು. ದೂರದೇಶದ ಸರಕನ್ನು ನಂಬಿದ ಮನೆಗೆ ಇವರಿಗಿಂತ ಒಪ್ಪುವ ದೈವಗಳು ಬೇರಿಲ್ಲ. ಮೂರರಲ್ಲಿ ಎಲ್ಲಕ್ಕಿಂತ ಎತ್ತರದ ಗೋಪುರಕ್ಕೆ ಕಾಸ್ಪರ್ ಎಂದೇ ಹೆಸರು. ಸಂತನ ಹೆಸರೂ ಅದೇ, ಯಜಮಾನನ ಹೆಸರೂ ಅದೇ. ಘಟ್ಟದ ಮೇಲಿನ ತಿರುವುಗಳಿಂದ ಬಹುದೂರಕ್ಕೇ ಕಾಣುವಂತೆ ಎಬ್ಬಿಸಿದ ಈ ಗೋಪುರಗಳು ಬರುವವರಿಗೆಲ್ಲ ಇದು ಯಾರ ದಾರಿ ಎಂಬುದನ್ನು ಸಾರುತ್ತಿದ್ದವು.

ಹೊಸ ಅರಮನೆ ಎದ್ದ ಮೇಲೂ 1533ರ ಹಿರಿಯರ ಮನೆಯನ್ನು ಅವನು ಕೆಡವಲಿಲ್ಲ. ಎರಡರ ನಡುವೆ ಕಮಾನುಗಳ ಎರಡು ಅಂತಸ್ತಿನ ಸೇತುವೆಯಂಥ ಹಾದಿ ಕಟ್ಟಿಸಿ ಹಳತನ್ನು ಹೊಸದಕ್ಕೆ ಬೆಸೆದ. ಈ ಇಡೀ ಸಂಕೀರ್ಣದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹಿಡಿಸುವ ಭಾಗ ಅದು. ಕೈಯಲ್ಲಿ ಬೇಕಾದಷ್ಟು ಹಣವಿದ್ದಾಗ ಅಜ್ಜ ಮುತ್ತಜ್ಜರ ಸಣ್ಣ ಮನೆಯನ್ನು ಉಳಿಸಿಕೊಳ್ಳುವುದಕ್ಕೆ ಬೇರೆಯದೇ ಬಗೆಯ ಅಭಿಮಾನ ಬೇಕು.

ಅರಮನೆಯೊಂದನ್ನೇ ನೋಡಿದರೆ ಅವನ ಕಟ್ಟುವಿಕೆಯ ಅರ್ಧವನ್ನಷ್ಟೇ ನೋಡಿದಂತೆ. ಉಳಿದರ್ಧ ಘಟ್ಟದುದ್ದಕ್ಕೂ ಚೆಲ್ಲಿದೆ. ಹೇಸರಗತ್ತೆಯ ದಾರಿಯನ್ನು ಸರಿಪಡಿಸಿ, ಕಲ್ಲುಹಾಸಿ, ಪಾಯ ಕಟ್ಟಿಸಿದ. ಘಟ್ಟದ ನೆತ್ತಿಯ ಬಯಲಿನಲ್ಲಿ, ಹಿಂದೆ ಸಂತ ಜಾನರ ಪಂಥದ ಯೋಧಸನ್ಯಾಸಿಗಳ ಛತ್ರವಿದ್ದ ಕಡೆ, ಗೋಪುರದ ಮಾದರಿಯ ಎತ್ತರದ ಕಲ್ಲುಮನೆ ಎಬ್ಬಿಸಿದ. ಹಳೇ ಛತ್ರ ಎಂದು ಈಗ ಕರೆಯುವ ಆ ಕಟ್ಟಡ ಅವನ ಬೇಸಿಗೆಯ ಬಿಡಾರವೂ ಆಗಿತ್ತು, ಹಿಮಕ್ಕೆ ಸಿಕ್ಕವರ ಆಸರೆಯೂ ಆಗಿತ್ತು. ಆಚೆ ಇಳಿಜಾರಿನ ಗೊಂಡೋದಲ್ಲಿ ಇನ್ನೊಂದು ಗೋಪುರಮನೆ ಸರಕಿನ ಉಗ್ರಾಣವಾಗಿ, ತಂಗುದಾಣವಾಗಿ ನಿಂತಿತು. ಒಂದು ದಿನದ ನಡಿಗೆಗೊಂದು ನೆಲೆ ಎಂಬ ಲೆಕ್ಕ ಅವನದು. ಬ್ರಿಗ್‌ನ ಅರಮನೆ ಈ ಸರಪಳಿಯ ಕೊನೆಯ ಕೊಂಡಿ, ಎಲ್ಲಕ್ಕಿಂತ ದಪ್ಪದ ಕೊಂಡಿ.

ಗೌರವಗಳು ಬೆನ್ನುಹತ್ತಿ ಬಂದವು. 1653ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಮೂರನೆಯ ಫರ್ಡಿನಾಂಡ್ ಅವನಿಗೆ ಸಾಮ್ರಾಜ್ಯದ ನೈಟ್ ಪದವಿ ಕೊಟ್ಟ. ಲ್ಯಾಟಿನ್‌ನಲ್ಲಿ ತನ್ನ ಹೆಸರಿನ ಅಕ್ಷರಗಳನ್ನೇ ಆಚೀಚೆ ಮಾಡಿ ಅವನು ಒಂದು ಧ್ಯೇಯವಾಕ್ಯ ಕಟ್ಟಿಕೊಂಡಿದ್ದ. ದೈವ ಕಾಯ್ದವನು ಲಾಭ ಕೊಯ್ಯಲಿ ಎಂಬುದು ಅದರ ತಾತ್ಪರ್ಯ. ದಾನಕ್ಕೂ ಹಿಂದೆಗೆಯಲಿಲ್ಲ. ಕಪುಚಿನ್ ಸನ್ಯಾಸಿಗಳನ್ನು, ಹೆಣ್ಣುಮಕ್ಕಳಿಗೆ ಕಲಿಸುವ ಉರ್ಸುಲೈನ್ ಸನ್ಯಾಸಿನಿಯರನ್ನು, ಜೆಸ್ಯೂಟ್ ಗುರುಗಳನ್ನು ಬ್ರಿಗ್‌ಗೆ ತಂದು ನೆಲೆಗೊಳಿಸುವುದರಲ್ಲಿ ಅವನ ಹಣವೂ ಹಟವೂ ಇದ್ದವು. 1662ರಲ್ಲಿ ಹುಟ್ಟಿದ ಜೆಸ್ಯೂಟರ ಕಾಲೇಜು ಇಂದಿಗೂ ಆ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದೆ.

ವಾಲಿಸ್ ಆಗ ಏಳು ಜಿಲ್ಲೆಗಳ ಒಕ್ಕೂಟ. ಹೆಸರಿಗೆ ಸಿಟ್ಟನ್ ಪಟ್ಟಣದ ರಾಜಬಿಷಪ್ಪನೇ ಒಡೆಯ. ಆದರೆ 1634ರಲ್ಲಿ ಬಿಷಪ್ ಹಿಲ್ಡೆಬ್ರಾಂಡ್ ಯೋಸ್ಟ್ ಲೌಕಿಕ ಅಧಿಕಾರವನ್ನು ಬಿಟ್ಟುಕೊಟ್ಟ ಮೇಲೆ ಜಿಲ್ಲೆಗಳ ಪ್ರತಿನಿಧಿಸಭೆಯ ಮಾತೇ ಕೊನೆಯ ಮಾತಾಯಿತು. ಆ ಸಭೆಯ ಮುಖ್ಯಸ್ಥನೇ ನಾಡಿನ ನಾಯಕ. 1670ರಲ್ಲಿ ಕಾಸ್ಪರ್ ಆ ಪೀಠವನ್ನೂ ಏರಿದ. ಮರುವರ್ಷ ಅರಮನೆ ಪೂರ್ತಿಯಾಯಿತು. ಅರವತ್ತೆರಡರ ವಯಸ್ಸಿಗೆ ಅವನಲ್ಲಿ ದಾರಿಯಿತ್ತು, ಉಪ್ಪಿತ್ತು, ಗಣಿಗಳಿದ್ದವು, ಪಡೆಗಳಿದ್ದವು, ಅಧಿಕಾರವಿತ್ತು. ಅವನ ಸಾಲಗಾರರು ಕಣಿವೆಯ ತುಂಬ ಇದ್ದರು.

ಒಬ್ಬನ ಕೈಯಲ್ಲಿ ಅಷ್ಟೊಂದು ಸೇರುವುದನ್ನು ಗಣರಾಜ್ಯದ ಉಳಿದ ಮನೆತನಗಳು ಸಹಿಸಲಿಲ್ಲ. ಸಹಿಸಬೇಕಿತ್ತು ಎಂದು ನಾನೂ ಹೇಳಲಾರೆ. ಜನರ ಉಪ್ಪಿಗೆ ಬೆಲೆ ಕಟ್ಟುವವನೇ ಜನರ ಸಭೆಯನ್ನೂ ನಡೆಸಿದರೆ ದೂರು ಹೇಳಲು ಯಾರ ಬಳಿ ಹೋಗಬೇಕು? ಆದರೆ ಅವನನ್ನು ಇಳಿಸಿದ ಕೈಗಳು ನ್ಯಾಯಕ್ಕಾಗಿಯಷ್ಟೇ ಎದ್ದವಲ್ಲ. ಅಸೂಯೆಯಿತ್ತು, ಅವನ ಆಸ್ತಿಯ ಮೇಲೆ ಕಣ್ಣೂ ಇತ್ತು. 1678ರಲ್ಲಿ ಪ್ರತಿಪಕ್ಷದ ದೊಡ್ಡ ಮನೆತನಗಳು ಒಂದಾಗಿ ಅವನನ್ನು ಪದವಿಯಿಂದ ಕೆಳಗಿಳಿಸಿದವು. ಉಪ್ಪಿನ ಏಕಸ್ವಾಮ್ಯ ಕೈತಪ್ಪಿತು. ಹೇರಿದ ದಂಡಕ್ಕೆ ಆಸ್ತಿಯ ಬಹುಭಾಗ ಹೋಯಿತು. ಜೀವವೇ ಅಪಾಯದಲ್ಲಿದೆ ಎನ್ನುವ ಸ್ಥಿತಿ ಬಂದಾಗ, 1679ರಲ್ಲಿ, ಎಪ್ಪತ್ತರ ಮುದುಕ ತಾನೇ ಕಲ್ಲು ಹಾಸಿಸಿದ ದಾರಿ ಹಿಡಿದು ಘಟ್ಟ ದಾಟಿ ಡೊಮೊಡೊಸ್ಸೊಲಾ ಸೇರಿದ. ನಾಲ್ಕೂವರೆ ದಶಕಗಳ ಹಿಂದೆ ರಾಜಕುಮಾರಿಯನ್ನು ದಾಟಿಸಿದ್ದೂ ಇದೇ ದಾರಿಯಲ್ಲಿ. ಆರು ವರ್ಷ ಪರದೇಶದಲ್ಲಿ ಕಳೆದ. 1685ರಲ್ಲಿ ಊರಿಗೆ ಮರಳಲು ಅವಕಾಶ ಸಿಕ್ಕಿತು. ಅಧಿಕಾರ ಮತ್ತೆ ಸಿಗಲಿಲ್ಲ. 1691ರ ಏಪ್ರಿಲ್‌ನಲ್ಲಿ ಬ್ರಿಗ್‌ನಲ್ಲಿಯೇ ತೀರಿಕೊಂಡ.

ಅರಮನೆ ಅವನ ವಂಶದವರಲ್ಲೇ ಉಳಿಯಿತು. ಮುಂದಿನ ನೂರು ವರ್ಷಗಳಲ್ಲಿ ಘಟ್ಟದ ವ್ಯಾಪಾರ ಹಿಂದಿನ ಎತ್ತರವನ್ನು ಮುಟ್ಟಲಿಲ್ಲ. ಆಮೇಲೆ ಬಂದವನು ನೆಪೋಲಿಯನ್. ಫಿರಂಗಿಗಳನ್ನು ಇಟಲಿಗೆ ಸಾಗಿಸಲು ಬಂಡಿದಾರಿ ಬೇಕೆಂದು ಅವನು ಅಪ್ಪಣೆ ಮಾಡಿದ. ಇಂಜಿನಿಯರ್ ನಿಕೊಲಾ ಸೆಯಾರ್ ಮೇಲ್ವಿಚಾರಣೆಯಲ್ಲಿ 1801ರಿಂದ 1805ರೊಳಗೆ ಹೊಸ ರಸ್ತೆ ಆಯಿತು. ಹೇಸರಗತ್ತೆಯ ಹಾದಿಗೆ ಹುಲ್ಲು ಬೆಳೆಯಿತು. 1906ರಲ್ಲಿ ಬೆಟ್ಟದ ಹೊಟ್ಟೆಯನ್ನೇ ಕೊರೆದು ಸುಮಾರು 20 ಕಿಲೋಮೀಟರ್ ಉದ್ದದ ಸಿಂಪ್ಲಾನ್ ರೈಲು ಸುರಂಗ ತೆರೆಯಿತು. ಅದರ ಉತ್ತರದ ಬಾಯಿ ಇರುವುದು ಬ್ರಿಗ್‌ನ ಪಕ್ಕದಲ್ಲೇ. ಕಾಸ್ಪರ್‌ನ ಸಾಲುಗಳು ದಿನಗಟ್ಟಲೆ ಹತ್ತಿಳಿದ ದೂರವನ್ನು ರೈಲು ನಿಮಿಷಗಳಲ್ಲಿ ನುಂಗಿತು.

1948ರಲ್ಲಿ ಬ್ರಿಗ್ ಪಟ್ಟಣ ಅರಮನೆಯನ್ನು ಕೊಂಡಿತು. 1956ರಿಂದ 1961ರವರೆಗೆ ಇಡೀ ಕಟ್ಟಡದ ಜೀರ್ಣೋದ್ಧಾರ ನಡೆಯಿತು. ಈಗ ಪುರಸಭೆಯ ಕಚೇರಿ ಅಲ್ಲೇ ಇದೆ. ವಸ್ತುಸಂಗ್ರಹಾಲಯವೂ ಇದೆ. ಬೇಸಿಗೆಯಲ್ಲಿ ಅಂಗಳದ ಕಮಾನುಗಳ ನಡುವೆ ನಾಟಕ, ಸಂಗೀತ ನಡೆಯುತ್ತವೆ. ಗೊಂಡೋದ ಗೋಪುರಮನೆಗೆ ಮಾತ್ರ ದೊಡ್ಡ ಗಂಡಾಂತರ ಬಂತು. 2000ದ ಅಕ್ಟೋಬರ್ 14ರಂದು ಸುರಿದ ಮಹಾಮಳೆಗೆ ಬೆಟ್ಟ ಕುಸಿದು ಮಣ್ಣುಕಲ್ಲಿನ ಪ್ರವಾಹ ಆ ಪುಟ್ಟ ಹಳ್ಳಿಯ ನಡುಭಾಗವನ್ನು ಕೊಚ್ಚಿ ಒಯ್ದಿತು. ಹದಿಮೂರು ಮಂದಿ ಸತ್ತರು. ಗೋಪುರದ ಒಂದು ಭಾಗವೂ ಹೋಯಿತು. ಹಳ್ಳಿಯವರು ಅದನ್ನು ಹಾಗೇ ಬಿಡಲಿಲ್ಲ. ಉಳಿದ ಹಳೆಯ ಗೋಡೆಗೆ ಹೊಸ ಕಟ್ಟಡ ಜೋಡಿಸಿ ಮತ್ತೆ ತಂಗುದಾಣ ಮಾಡಿದರು. ಹೇಸರಗತ್ತೆಯ ಹಳೆಯ ದಾರಿಯನ್ನೂ ಹುಡುಕಿ, ಬಿದ್ದ ಕಲ್ಲು ಎತ್ತಿಟ್ಟು, ಚಾರಣದ ಹಾದಿಯಾಗಿ ತೆರೆದಿದ್ದಾರೆ. ಅದಕ್ಕೂ ಸ್ಟೋಕಾಲ್ಪರ್‌ನದೇ ಹೆಸರು.

ಅವನು ಬಿಟ್ಟುಹೋದದ್ದರಲ್ಲಿ ಕಲ್ಲಿನಷ್ಟೇ ಬೆಲೆಬಾಳುವುದು ಕಾಗದ. ಅವನ ವ್ಯವಹಾರದ ಕಿರ್ದಿ ಪುಸ್ತಕಗಳು ದೊಡ್ಡ ಸಂಖ್ಯೆಯಲ್ಲಿ ಉಳಿದುಬಂದಿವೆ. ಅವುಗಳ ಪುಟಗಳಲ್ಲಿ ಜರ್ಮನ್, ಇಟಾಲಿಯನ್, ಫ್ರೆಂಚ್, ಲ್ಯಾಟಿನ್, ಸ್ಪ್ಯಾನಿಷ್ ಐದೂ ಕಲೆತು ಬರುತ್ತವೆ. ಯಾರೊಡನೆ ವ್ಯವಹಾರವೋ ಅವರ ಭಾಷೆಗೆ ಲೇಖನಿ ಹೊರಳುತ್ತದೆ. ಆಲ್ಪ್ಸ್ ಪ್ರದೇಶದ ಇತಿಹಾಸಕ್ಕೆಂದೇ ಅರಮನೆಯಲ್ಲಿ ಸ್ಥಾಪನೆಯಾದ ಸಂಶೋಧನಾ ಸಂಸ್ಥೆಯೊಂದಿದೆ. ವಿದ್ವಾಂಸರು ಆ ಕಿರ್ದಿಗಳನ್ನು ಸಾಲುಸಾಲಾಗಿ ಓದಿ ಅಚ್ಚಿಗೂ ತಂದಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಸಿಂಪ್ಲಾನ್ ದಾಟುತ್ತಿದ್ದ ಸರಕು ಯಾವುದು, ಅದಕ್ಕೆ ಕೂಲಿ ಎಷ್ಟು, ಯಾರು ಯಾರಿಗೆ ಎಷ್ಟು ಬಾಕಿ ಎಂದು ತಿಳಿಯಬಯಸುವವರು ಇಂದು ಆ ಸಂಪುಟಗಳನ್ನೇ ತೆರೆಯುತ್ತಾರೆ.